ಮಾತು ಸುಲಭವೋ, ಲೆಕ್ಕ ಸುಲಭವೋ?

ಪ್ರಶ್ನೆ: ನಾಲ್ಕನೇ ಕ್ಲಾಸಿನ ನನ್ನ ಮಗಳು ಕತೆ ಹೇಳಲು ಕೂತರೆ ನಿಲ್ಲಿಸುವುದೇ ಇಲ್ಲ, ಲೆಕ್ಕ ಅಂದರೆ ಮಾತ್ರ ಅಳು. ಮನುಷ್ಯರಿಗೆ ಹುಟ್ಟಿನಿಂದ ಬರುವುದು ಭಾಷೆಯಾ, ಗಣಿತವಾ?

ಉತ್ತರ: ನನ್ನ ಓಟು ಭಾಷೆಗೆ. ‘ಅಪ್ಪ ಬಂದ, ಅಮ್ಮ ಬಂದಳು’ ಅನ್ನುವುದನ್ನು ಪುಟ್ಟ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸಲ್ಲ, ಸುಮ್ನೆ ಕೇಳಿ ಕೇಳಿಯೇ ಬರುತ್ತದೆ; ಹದಿನೇಳರ ಮಗ್ಗಿ ಹಾಗೆ ಬರಲ್ಲ ಅಲ್ವಾ? (ನನಗೆ ಇವತ್ತಿಗೂ ಬರಲ್ಲ.)

ಹಾಗಂತ ಲೆಕ್ಕ ಪೂರ್ತಿ ಹೊರಗಿನದೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕರೆನ್ ವಿನ್ 1992ರಲ್ಲಿ ಐದು ತಿಂಗಳ ಕೂಸುಗಳ ಎದುರು ಒಂದು ಗೊಂಬೆ ಇಟ್ಟು, ಅದಕ್ಕೆ ಪರದೆ ಮರೆಮಾಡಿ, ಕೂಸು ನೋಡುತ್ತಿರುವಾಗಲೇ ಹಿಂದೆ ಇನ್ನೊಂದು ಗೊಂಬೆ ಸೇರಿಸಿದರು. ಪರದೆ ಸರಿದಾಗ ಒಂದೇ ಗೊಂಬೆ ಇದ್ದರೆ ಕೂಸುಗಳು ಜಾಸ್ತಿ ಹೊತ್ತು ದಿಟ್ಟಿಸಿದವು. ಎಲ್ಲೋ ಎಡವಟ್ಟಾಗಿದೆ ಅನ್ನುವ ಹಾಗೆ! ಆದರೆ ಈ ಅಂದಾಜು ಎರಡು ಮೂರರವರೆಗೆ ಮಾತ್ರ ಗಟ್ಟಿ. ಮುಂದಕ್ಕೆ ಎಣಿಕೆಯ ಪದಗಳೇ ಬೇಕು, ಅಂದರೆ ಮತ್ತೆ ಭಾಷೆಯೇ.

ಮಗಳಿಗೆ ಒಂದು ಲೆಕ್ಕವನ್ನು ಕತೆಯ ಹಾಗೆ ಗಟ್ಟಿಯಾಗಿ ಓದಿಸಿ ನೋಡಿ. ‘ಉಳಿದದ್ದೆಷ್ಟು’ ಅನ್ನುವ ಮಾತಿನಲ್ಲೇ ಸಿಕ್ಕಿಕೊಂಡಿದ್ದಾಳೋ ಏನೋ.