ಕೇಸ್ ಶೀಟ್ ಓದಲು ಬರುತ್ತಿಲ್ಲ, ಕೇಳಲು ನಾಚಿಕೆ

ಪ್ರಶ್ನೆ: ನಾನು ವೈದ್ಯಕೀಯ ವಿದ್ಯಾರ್ಥಿನಿ. ವಾರ್ಡ್ ಪೋಸ್ಟಿಂಗ್ ಶುರುವಾಗಿ ಎರಡು ತಿಂಗಳಾಯಿತು. ರೋಗಿಯ ವಿವರ ಬರೆದಿಡುವ ಕೇಸ್ ಶೀಟ್ ಕೈಗೆ ಬಂದರೆ ಎದೆ ಡವಡವ ಅನ್ನುತ್ತದೆ. ಅರ್ಧ ಗೀಚು, ಉಳಿದರ್ಧ ಬರೀ ಎರಡು ಮೂರು ಅಕ್ಷರದ ಸಂಕ್ಷೇಪ. ಜೊತೆಯವರೆಲ್ಲ ತಲೆಯಾಡಿಸುತ್ತಾರೆ, ನಾನೂ ಆಡಿಸುತ್ತೇನೆ. ಮೊನ್ನೆ ರೌಂಡ್ಸ್‌ನಲ್ಲಿ ಊಹಿಸಿ ಹೇಳಿ ತಪ್ಪಾಯಿತು. ಈ ಓದಿಗೆ ನಾನು ಲಾಯಕ್ಕಿಲ್ಲವೇ?

ಉತ್ತರ: ಲಾಯಕ್ಕಿನ ಮಾತು ಬಿಡಿ. ಓದಲು ಬಾರದ್ದು ನನಗೆ ಚಿಂತೆಯಲ್ಲ, ಗೊತ್ತಿಲ್ಲದೆ ತಲೆಯಾಡಿಸಿದ್ದು ಚಿಂತೆ.

ಆ ನೋಟ್ಸ್ ನಿಮಗೆ ಕಲಿಸಲು ಬರೆದದ್ದಲ್ಲ. ರಾತ್ರಿ ಡ್ಯೂಟಿಯಲ್ಲಿ ನಿದ್ದೆಗಣ್ಣಲ್ಲಿ ಒಬ್ಬ ಡಾಕ್ಟರ್ ಇನ್ನೊಬ್ಬರಿಗೆ ಬರೆದಿಟ್ಟದ್ದು. ಪಿಐಡಿ ಅಂತ ಇದ್ದರೆ ಸ್ತ್ರೀರೋಗ ವಾರ್ಡ್‌ನಲ್ಲಿ ಗರ್ಭಕೋಶ, ಅದರ ನಾಳಗಳ ಸೋಂಕು, ಮೂಳೆ ವಾರ್ಡ್‌ನಲ್ಲಿ ಬೆನ್ನಿನ ಡಿಸ್ಕ್ ಜಾರಿದ್ದು. ವಿದ್ಯಾರ್ಥಿಯಾಗಿದ್ದಾಗ ಇದೇ ಮೂರಕ್ಷರ ನೋಡಿ, ಬೆನ್ನುನೋವಿಗೆ ಬಂದಿದ್ದ ಹೆಂಗಸಿನ ಹತ್ತಿರ ನಾನು ಮುಟ್ಟಿನ ಬಗ್ಗೆ ಕೇಳುತ್ತಾ ನಿಂತಿದ್ದೆ. ಆಕೆ ಸೊಂಟ ಹಿಡಿದುಕೊಂಡೇ ಪಾಪ, ಎಲ್ಲದಕ್ಕೂ ಉತ್ತರ ಕೊಟ್ಟರು. ಆ ಮುಖ ಇನ್ನೂ ಮರೆತಿಲ್ಲ.

ಔಷಧಿ ವಿಷಯದಲ್ಲಂತೂ ಊಹೆ ಬೇಡವೇ ಬೇಡ. ಇನ್ಸುಲಿನ್ 4 ಯೂನಿಟ್ ಅಂತ ಬರೆಯುವಾಗ ಅಂಕಿಯ ಪಕ್ಕ ಬರೀ ಇಂಗ್ಲಿಷಿನ 'U' ಗೀಚಿದರೆ, ಅದರ ಬಾಯಿ ಸ್ವಲ್ಪ ಮುಚ್ಚಿಕೊಂಡರೂ ಸೊನ್ನೆಯ ಹಾಗೆ ಕಂಡು 40 ಆಗುತ್ತದೆ. 1.0 ಮಿಲಿಗ್ರಾಂನ ಚುಕ್ಕೆ ಮಸುಕಾದರೆ 10. ಆಸ್ಪತ್ರೆಗಳ ಗುಣಮಟ್ಟ ನೋಡುವ ಅಮೆರಿಕದ ಜಾಯಿಂಟ್ ಕಮಿಷನ್ ಸಂಸ್ಥೆ 2004ರಲ್ಲಿ ಮಾಡಿದ 'ಬಳಸಬಾರದ' ಪಟ್ಟಿಯಲ್ಲಿ ಇವೆರಡೂ ಇವೆ. ಅನುಭವಿಗಳೇ ತಪ್ಪು ಓದುತ್ತಾರೆ ಅಂತ ತಾನೇ ಆ ಪಟ್ಟಿ ಮಾಡಿದ್ದು?

ಮೊದಲ ಪುಟದಿಂದ ಕೊನೆಯವರೆಗೆ ಓದಲು ಕೂರಬೇಡಿ. ಇವತ್ತಿನ ನೋಟ್ ತೆಗೆದು ಕೊನೆಯ ಸಾಲುಗಳನ್ನು ನೋಡಿ, ಈಗ ಏನು ಮಾಡುತ್ತಿದ್ದಾರೆ ಅನ್ನುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಮೇಲೆ ಅಡ್ಮಿಟ್ ಆದ ದಿನದ್ದು. ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು, ಡಾಕ್ಟರ ಅಂದಾಜು, ಮುಂದೇನು: ಎಷ್ಟೋ ಕಡೆ ನೋಟ್ಸ್ ಇದೇ ಕ್ರಮದಲ್ಲಿರುತ್ತವೆ. ಲಾರೆನ್ಸ್ ವೀಡ್ ಅನ್ನುವ ವೈದ್ಯರು 1960ರ ದಶಕದಲ್ಲಿ ರೂಪಿಸಿದ ಪದ್ಧತಿ ಅದು. ಪಕ್ಕದಲ್ಲಿ ಡ್ರಗ್ ಚಾರ್ಟ್ ಇಟ್ಟುಕೊಳ್ಳಿ. ಅಲ್ಲಿ ಮೆಟ್‌ಫಾರ್ಮಿನ್ ಇದ್ದರೆ, ಇಲ್ಲಿ ಗೀಚಿದ್ದು ಸಕ್ಕರೆ ಕಾಯಿಲೆ ಇರಬಹುದು. ಇರಬಹುದು ಅಷ್ಟೇ, ಕೇಳಿ ಖಾತ್ರಿ ಮಾಡಿಕೊಳ್ಳಿ.

ಯಾರನ್ನು ಕೇಳುವುದು? ಮೊದಲು ವಾರ್ಡ್ ಸಿಸ್ಟರ್. ದಿನಾ ಆ ಅಕ್ಷರ ಓದಿ ಔಷಧಿ ಕೊಡುವವರು ಅವರೇ ಅಲ್ವಾ? ಅವರ ಕೈಯಲ್ಲಿ ಕೆಲಸವಿದ್ದರೆ ಸ್ವಲ್ಪ ಕಾಯಿರಿ. ಕಲಿತ ಸಂಕ್ಷೇಪವನ್ನು ಯಾವ ವಾರ್ಡ್‌ನದು ಅಂತ ಸೇರಿಸಿ ಪುಟ್ಟ ಪುಸ್ತಕದಲ್ಲಿ ಬರೆದಿಡಿ, ರೋಗಿಯ ಹೆಸರು ಮಾತ್ರ ಬರೆಯಬೇಡಿ. ಪುಟದ ಫೋಟೋ ತೆಗೆದು ಸ್ನೇಹಿತರಿಗೆ ಕಳಿಸುವುದಂತೂ ಕೂಡದು.

ಮುಂದಿನ ರೌಂಡ್ಸ್‌ನಲ್ಲಿ "ಈ ಸಾಲು ಓದಲಾಗಲಿಲ್ಲ, ದಯವಿಟ್ಟು ಹೇಳುತ್ತೀರಾ?" ಅಂದುಬಿಡಿ. ಒಬ್ಬರೋ ಇಬ್ಬರೋ ಗದರಬಹುದು, ಗದರಲಿ. ಆಗ ಸುಮ್ನೆ ಪಕ್ಕಕ್ಕೆ ನೋಡಿ, ಇಷ್ಟು ದಿನ ತಲೆಯಾಡಿಸುತ್ತಿದ್ದವರೂ ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿರುತ್ತಾರೆ.