ಶಾಲೆಯಲ್ಲಿ ಮಿಸ್, ಮನೆಯಲ್ಲೂ ಮಿಸ್

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಪದ್ಧತಿ) ಟೀಚರ್. ನನ್ನ ಮಗನೂ ನನ್ನ ಕ್ಲಾಸಿನಲ್ಲೇ, ಮೂರನೇ ತರಗತಿ. 32 ಮಕ್ಕಳಿಗೆ ಒಂದೇ ನಲ್ಲಿ. ಹೋದ ತಿಂಗಳು ಬಿಸಿಯೂಟದ ತಟ್ಟೆ ತೊಳೆಯುವಾಗ ಇವನು ಒಬ್ಬ ಹುಡುಗನನ್ನು ತಳ್ಳಿದ, ಅವನ ಮೊಣಕಾಲು ತರಚಿತು. 'ಮಿಸ್ ಮಗ ಅಂತ ಬಿಟ್ಟರು' ಅನ್ನಿಸಿಕೊಳ್ಳಬಾರದು ಅಂತ ಎಲ್ಲರೆದುರು ಕೆನ್ನೆಗೆ ಬಾರಿಸಿ, ಸಾರಿ ಹೇಳಿಸಿದೆ. ಅವತ್ತಿನಿಂದ ಮನೆಯಲ್ಲೂ ನನ್ನನ್ನು 'ಮಿಸ್' ಅಂತಲೇ ಕರೆಯುತ್ತಾನೆ. ಏನು ಮಾಡಲಿ?

ಉತ್ತರ: ಟೀಚರ್, ಕೊನೆಗೆ ಬರೆದಿದ್ದೀರಲ್ಲ, ಮನೆಯಲ್ಲೂ 'ಮಿಸ್' ಅಂತಾನೆ ಅಂತ, ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ಕರುಳು ಚುರ್ ಅಂತು.

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನೀವು ಹೊಡೆದಿದ್ದು ನೋಡುತ್ತಾ ನಿಂತವರ ಬಾಯಿ ಮುಚ್ಚಿಸೋಕೆ, ಏಟು ಬಿದ್ದಿದ್ದು ಮಾತ್ರ ಅವನ ಕೆನ್ನೆಗೆ. ಬೇರೆಯವರ ಮಗ ತಳ್ಳಿದ್ದರೆ ಹೊಡೆಯುತ್ತಿದ್ದಿರಾ? ಇಲ್ಲ ಅಲ್ವಾ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳ ಮೇಲೆ ಕೈ ಮಾಡುವ ಹಾಗಿಲ್ಲ ಅನ್ನುತ್ತದೆ. 'ಟೀಚರ್ ಮಗನನ್ನು ಬಿಟ್ಟು' ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಎಲ್ಲರೆದುರು ಹೊಡೆದಿದ್ದೀರಿ, ಎಲ್ಲರೆದುರೇ ಹೇಳಿಬಿಡಿ: 'ನೀನು ತಳ್ಳಿದ್ದು ತಪ್ಪು. ನಾನು ಹೊಡೆದಿದ್ದೂ ತಪ್ಪು.' ಅಷ್ಟು ಸಾಕು, ಭಾಷಣ ಬೇಡ.

ಇನ್ನು ಆ ಸಾರಿ. ನಾನೂ ನನ್ನ ಅಣ್ಣನೂ ಕಿತ್ತಾಡಿದಾಗ ಅಮ್ಮ ಇಬ್ಬರಿಗೂ ಒಂದೊಂದು ಕೊಟ್ಟು ಸಾರಿ ಹೇಳಿಸುತ್ತಿದ್ದಳು. ಬಾಯಲ್ಲಿ ಸಾರಿ, ರಾತ್ರಿ ಕಂಬಳಿ ಒಳಗೆ ಒದೆ! ಆ ಇಬ್ಬರು ಹುಡುಗರ ಜಗಳವೂ ಇನ್ನೂ ಹಾಗೇ ಉಳಿದಿರುತ್ತದೆ. ಇಬ್ಬರನ್ನೂ ಜಗಲಿ ಮೇಲೆ ಕೂರಿಸಿ ಒಂದು ಸೀಮೆಸುಣ್ಣ ಕೊಡಿ. ಅದು ಯಾರ ಕೈಯಲ್ಲಿದೆಯೋ ಅವರದ್ದೇ ಮಾತು. 'ಯಾಕೆ ತಳ್ಳಿದೆ' ಅಂತ ಕೇಳಬೇಡಿ, ಯಾಕೆ ಅಂದ ಕೂಡಲೇ ಎಂಟು ವರ್ಷದ ಹುಡುಗ ಲಾಯರ್ ಆಗುತ್ತಾನೆ. 'ಏನಾಯ್ತು' ಅಂತ ಕೇಳಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ವಾಪಸ್ ಹೇಳಲಿ, ಒಪ್ಪದಿದ್ದರೂ ಪರವಾಗಿಲ್ಲ. ಆಮೇಲೆ 'ನಾಳೆ ನಲ್ಲಿ ಹತ್ತಿರ ಏನು ಮಾಡ್ತೀರಿ?' ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ನಮ್ಮ ಟೀಚರುಗಳಿಗೆ ಈ ಸುಮ್ನೆ ಕೂರುವುದೇ ಕಷ್ಟ. ಅವರು ಹೇಳಿದ ದಾರಿ ಪೆದ್ದುಪೆದ್ದಾಗಿದ್ದರೂ ಒಂದು ವಾರ ನಡೆಯಲಿ. ಆದರೆ ನಿಮ್ಮ ಮಗ ಇರುವ ಪಂಚಾಯಿತಿಗೆ ನೀವು ಕೂರಬೇಡಿ, ಇನ್ನೊಬ್ಬ ಟೀಚರ್ ಕೂರಲಿ.

ನಲಿ-ಕಲಿಯಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುವ 'ಸಹಪಾಠಿ ಬೆಂಬಲಿತ ಗುಂಪು' ಇದ್ದೇ ಇದೆ, ನಿಮಗೆ ನಾನು ಹೇಳಬೇಕಾ? ಅಕ್ಷರ ಹೇಳಿಕೊಡುವ ಮಕ್ಕಳು ಪೆನ್ಸಿಲ್, ರಬ್ಬರ್ ಜಗಳವನ್ನೂ ಬಿಡಿಸುತ್ತಾರೆ. ಅವರಿಗೇ ಬಿಡಿ. ಏಟು ಜಾಸ್ತಿ ಆದರೆ, ಒಂದು ಮಗುವನ್ನು ಎಲ್ಲರೂ ಸೇರಿ ಕಾಡಿಸುತ್ತಿದ್ದರೆ, ಜಾತಿ ಎತ್ತಿ ಮಾತಾಡಿದರೆ ಮಾತ್ರ ನೀವೇ ಎದ್ದು ಹೋಗಬೇಕು.

ಆ ನಲ್ಲಿ ವಿಷಯ ಮರೆಯಬೇಡಿ. 32 ಜನಕ್ಕೆ ಒಂದೇ ನಲ್ಲಿ ಅಂದರೆ ದೊಡ್ಡವರೂ ಹೊಡೆದಾಡುತ್ತಾರೆ, ನಮ್ಮ ಬೀದಿಗೆ ಟ್ಯಾಂಕರ್ ಬಂದಾಗ ನೋಡಬೇಕು ನೀವು. ಎರಡು ಬಕೆಟ್, ಎರಡು ಮಗ್ ಇಡಿ. ಚಿಕ್ಕವರು ಮೊದಲು ತೊಳೆಯಲಿ.

ಮನೆಯಲ್ಲಿ 'ಮಿಸ್' ಅಂದರೆ ತಿದ್ದಬೇಡಿ, 'ಏನಪ್ಪಾ' ಅಂತ ಓಗೊಡಿ. ಮನೆಗೆ ಬರುವ ದಾರಿಯಲ್ಲಿ ಶಾಲೆ ಮಾತು ಬೇಡ. ಒಂದು ದಿನ ಬಾಯಿ ತಪ್ಪಿ 'ಅಮ್ಮಾ' ಅಂತಾನೆ ನೋಡಿ, ಆಗ ಗಮನಿಸಿದ ಹಾಗೆ ತೋರಿಸ್ಕೋಬೇಡಿ.