ಓದುಗರ ಪ್ರಶ್ನೆ: ಚುಕ್ಕೆಯನ್ನು ನೋಡಿ ಕಲ್ಲಿನ ಜಾತಿ ಹೇಳುವುದು ಹೇಗೆ?

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ನಡೆದ ಆಕಾಶ ವೀಕ್ಷಣೆಯಲ್ಲಿ ವೆಸ್ಟಾ ಎಂಬ ಕ್ಷುದ್ರಗ್ರಹವನ್ನು ದೂರದರ್ಶಕದಿಂದ ನೋಡಿದೆ. ಶನಿಯ ಉಂಗುರವನ್ನು ಕಂಡ ಕಣ್ಣಿಗೆ ಅದು ಬರಿಯ ಚುಕ್ಕೆಯಾಗಿ ಕಂಡಿತು. ಅದರ ಮೇಲ್ಮೈ ಲಾವಾ ಶಿಲೆಯದೆಂದು ತೋರಿಸಿದವರು ಹೇಳಿದರು. ಚುಕ್ಕೆಯಿಂದ ಇಷ್ಟೆಲ್ಲ ತಿಳಿಯುವುದು ಹೇಗೆ? (ಓದುಗರೊಬ್ಬರು, ಕಾರವಾರ)

ಉತ್ತರ: ನಿಮಗೆ ಕಂಡಂತೆಯೇ ಹಿಂದಿನವರಿಗೂ ಕಂಡಿತ್ತು. 1801ರ ಜನವರಿ 1ರಂದು ಇಟಲಿಯ ಪಿಯಾಜಿ ಈ ಬಗೆಯ ಮೊದಲ ಕಾಯವಾದ ಸೆರೆಸ್ ಅನ್ನು ಕಂಡುಹಿಡಿದರು. ಮರುವರ್ಷ ವಿಲಿಯಂ ಹರ್ಷೆಲ್ ಇಂಥ ಕಾಯಗಳಿಗೆ ‘ನಕ್ಷತ್ರದಂತಹವು’ ಎಂಬ ಅರ್ಥದ ‘ಆಸ್ಟರಾಯ್ಡ್’ ಎಂಬ ಹೆಸರಿಟ್ಟದ್ದು, ದೂರದರ್ಶಕದಲ್ಲಿ ಅವು ನಕ್ಷತ್ರಗಳಂತೆ ಚುಕ್ಕೆಯಾಗಿಯೇ ಕಂಡವೆಂಬ ಕಾರಣಕ್ಕೆ. ಆದರೆ ಆ ಚುಕ್ಕೆಯಿಂದ ಬರುವುದು ಸೂರ್ಯನ ಬೆಳಕು, ಕಲ್ಲಿಗೆ ತಾಗಿ ಮರಳಿದ ಬೆಳಕು. ತಾಗಿದಾಗ ಅದರಲ್ಲಿ ಏನೇನು ಬದಲಾಯಿತು ಎಂಬುದನ್ನು ಓದುವುದರಲ್ಲಿಯೇ ಈ ವಿದ್ಯೆಯೆಲ್ಲ ಇದೆ.

ಮೊದಲು ಗಾತ್ರದ ಮಾತು. ಶೇಕಡಾ 40ರಷ್ಟು ಬೆಳಕನ್ನು ಮರಳಿಸುವ ಬಿಳಿಚು ಕಲ್ಲೂ, ಶೇಕಡಾ 4ರಷ್ಟನ್ನು ಮಾತ್ರ ಮರಳಿಸುವ ಇದ್ದಿಲಿನಂಥ ಕಪ್ಪು ಕಲ್ಲೂ ಒಂದೇ ದೂರದಲ್ಲಿದ್ದು ಒಂದೇ ಪ್ರಕಾಶದಿಂದ ಕಂಡರೆ, ಕಪ್ಪು ಕಲ್ಲಿನ ವ್ಯಾಸ ಬಿಳಿಯದಕ್ಕಿಂತ ಮೂರು ಪಟ್ಟಿಗೂ ತುಸು ಹೆಚ್ಚಿರಬೇಕು. ಕಣ್ಣಿಗೆ ಕಾಣುವ ಬೆಳಕೊಂದರಿಂದ ಇವೆರಡನ್ನು ಬೇರ್ಪಡಿಸಲಾಗದು. ಆದರೆ ಕಪ್ಪು ಕಲ್ಲು ತಾನು ಹೀರಿದ ಬಿಸಿಲನ್ನೆಲ್ಲ ಶಾಖವಾಗಿ ಹೊರಬಿಡುತ್ತದೆ. ಆ ಶಾಖವನ್ನು, ಅಂದರೆ ಅವಕೆಂಪು ಕಿರಣಗಳನ್ನು, 1983ರಲ್ಲಿ ಐರಾಸ್ ಉಪಗ್ರಹವೂ 2009ರ ಕೊನೆಯಲ್ಲಿ ಹಾರಿದ ವೈಸ್ ದೂರದರ್ಶಕವೂ ಅಳೆದದ್ದರಿಂದ ಸಾವಿರಾರು ಕ್ಷುದ್ರಗ್ರಹಗಳ ಗಾತ್ರವೂ ಕಪ್ಪುತನವೂ ಒಟ್ಟಿಗೆ ತಿಳಿದವು.

ಆಕಾರ ತಿಳಿಯುವುದು ಪ್ರಕಾಶದ ಏರಿಳಿತದಿಂದ. ಉದ್ದನೆಯ ಕಲ್ಲು ತಿರುಗುವಾಗ ಅದರ ಅಗಲದ ಮೈ ನಮ್ಮತ್ತ ಬಂದಾಗ ಹೆಚ್ಚು ಬೆಳಗುತ್ತದೆ, ತುದಿ ನಮ್ಮತ್ತ ಬಂದಾಗ ಮಂಕಾಗುತ್ತದೆ. ಸುಮಾರು 34 ಕಿಲೋಮೀಟರ್ ಉದ್ದದ ಇರೋಸ್ 5 ಗಂಟೆ 16 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆಂದು ಗೊತ್ತಾದದ್ದು ಹೀಗೆಯೇ. ನನಗೆ ಬಹಳ ಮೆಚ್ಚುಗೆಯಾದದ್ದು ಇದರ ಮುಂದಿನ ತರ್ಕ: ಕೆಲವು ನೂರು ಮೀಟರಿಗಿಂತ ದೊಡ್ಡವಾದ ಕ್ಷುದ್ರಗ್ರಹಗಳಲ್ಲಿ ಸುಮಾರು 2.2 ಗಂಟೆಗಿಂತ ಬೇಗ ತಿರುಗುವವು ತೀರ ವಿರಳ. ಅವು ಏಕಶಿಲೆಗಳಾಗಿದ್ದರೆ ಇಂಥ ಗಡಿ ಇರಬೇಕಾದ ಕಾರಣವೇ ಇಲ್ಲ. ಸ್ವಂತ ಗುರುತ್ವದಿಂದ ಮಾತ್ರ ಕೂಡಿಕೊಂಡಿರುವ ಕಲ್ಲುರಾಶಿಗಳಾಗಿದ್ದರೆ, ಅದಕ್ಕಿಂತ ಬೇಗ ತಿರುಗಿದ ಕೂಡಲೇ ಚದುರಿಹೋಗುತ್ತವೆ. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತ ತಡೆಯಲು ಸುರಿದ ಕಲ್ಲುಗಳ ನಡುವೆ ಎಷ್ಟು ಪೊಳ್ಳು ಇರುತ್ತದೆಂಬುದನ್ನು ನೀವು ನೋಡಿರುತ್ತೀರಿ. ಬೆನ್ನು ಎಂಬ ಕ್ಷುದ್ರಗ್ರಹದ ಸಾಂದ್ರತೆ ನೀರಿನ 1.2 ಪಟ್ಟು ಮಾತ್ರ ಎಂದು ಅಳೆದಾಗ, ಅದರ ಒಡಲಿನ ಅರ್ಧದಷ್ಟು ಇಂಥ ಪೊಳ್ಳೇ ಎಂಬುದು ಖಚಿತವಾಯಿತು.

ಇನ್ನು ನೀವು ಕೇಳಿದ ಕಲ್ಲಿನ ಜಾತಿ. ಮರಳಿದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ, ಪ್ರತಿಯೊಂದು ಖನಿಜವೂ ತನಗೆ ಬೇಕಾದ ಬಣ್ಣವನ್ನು ಹೀರಿಕೊಂಡ ಗುರುತು ರೋಹಿತದಲ್ಲಿ, ಅಂದರೆ ಹಾಗೆ ಬಿಡಿಸಿದ ಬಣ್ಣಗಳ ಸಾಲಿನಲ್ಲಿ, ತಗ್ಗಾಗಿ ಕಾಣುತ್ತದೆ. ವೆಸ್ಟಾದ ರೋಹಿತದಲ್ಲಿ ಕೆಂಪಿನಾಚೆ ಸುಮಾರು 0.9 ಮೈಕ್ರೋಮೀಟರಿನ ಬಳಿ ಆಳವಾದ ತಗ್ಗಿದೆಯೆಂದು 1970ರಲ್ಲಿ ಪ್ರಕಟವಾಯಿತು. ಅದು ಪೈರಾಕ್ಸೀನ್ ಖನಿಜದ ಗುರುತು. ಭೂಮಿಗೆ ಬಿದ್ದ ಒಂದು ಬಗೆಯ ಬಸಾಲ್ಟ್ (ಲಾವಾ ಆರಿ ಆದ ಕಲ್ಲು) ಉಲ್ಕಾಶಿಲೆಗಳ ರೋಹಿತವೂ ಅದಕ್ಕೆ ಹೊಂದಿತು. 1994ರಲ್ಲಿ ರಾಜಸ್ಥಾನದ ಲೋಹಾವಟ್‌ನಲ್ಲಿ ಬಿದ್ದ ಕಲ್ಲು ಇದೇ ಕುಟುಂಬದ್ದು. 2011ರಲ್ಲಿ ಡಾನ್ ನೌಕೆ ವೆಸ್ಟಾವನ್ನು ತಲುಪಿ ಸುತ್ತಿದಾಗ, ನಾಲ್ಕು ದಶಕಗಳ ಹಿಂದೆ ಚುಕ್ಕೆಯಿಂದ ಓದಿದ್ದು ಸರಿಯೆಂದು ತಿಳಿಯಿತು.

ಎಲ್ಲ ಸಲವೂ ಹೀಗೆ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾಲು ಸುಡುವ ಮರಳು ಮುಸ್ಸಂಜೆಗೆ ತಂಪಾಗಿರುತ್ತದೆ, ಪಕ್ಕದ ಕರಿಬಂಡೆ ಮಾತ್ರ ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ಬೆನ್ನುವಿನ ಮೇಲ್ಮೈ ಬೇಗ ಕಾದು ಬೇಗ ಆರುವುದನ್ನು ದೂರದಿಂದ ಅಳೆದವರು ಅಲ್ಲಿ ಸಣ್ಣ ಜಲ್ಲಿ ಹರಡಿರಬೇಕೆಂದು ಊಹಿಸಿದ್ದರು. 2018ರಲ್ಲಿ ಒಸೈರಿಸ್-ರೆಕ್ಸ್ ನೌಕೆ ಹೋಗಿ ನೋಡಿದರೆ ಎಲ್ಲೆಲ್ಲೂ ಬಂಡೆಗಳು. ಬಂಡೆಗಳೇ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ್ದರಿಂದ ಶಾಖವನ್ನು ಹಿಡಿದಿಡುತ್ತಿರಲಿಲ್ಲ. ಅಳತೆ ತಪ್ಪಿರಲಿಲ್ಲ, ಅರ್ಥೈಸಿದ್ದು ತಪ್ಪಿತ್ತು. ಆ ನೌಕೆ 2023ರ ಸೆಪ್ಟೆಂಬರಿನಲ್ಲಿ ತಂದಿಳಿಸಿದ 121.6 ಗ್ರಾಂ ಮಾದರಿ ಇಂಥ ಊಹೆಗಳನ್ನು ತಿದ್ದಿಕೊಳ್ಳಲು ಒದಗಿದ ಅಮೂಲ್ಯ ಸಾಮಗ್ರಿ.

ಪ್ರಶ್ನೆ: ದೊಡ್ಡ ವೀಕ್ಷಣಾಲಯಗಳಿಲ್ಲದ ನಮ್ಮಂಥ ಊರಿನವರು ಈ ಕೆಲಸಕ್ಕೆ ಏನಾದರೂ ನೆರವಾಗಬಹುದೇ? (ಶಾಲಾ ಶಿಕ್ಷಕರು, ಶಿರಸಿ)

ಉತ್ತರ: ಖಂಡಿತ ಆಗಬಹುದು. ಕ್ಷುದ್ರಗ್ರಹವೊಂದು ನಕ್ಷತ್ರಕ್ಕೆ ಅಡ್ಡ ಬಂದಾಗ ನಕ್ಷತ್ರ ಕೆಲವು ಸೆಕೆಂಡುಗಳ ಕಾಲ ಮರೆಯಾಗುತ್ತದೆ. ನಕ್ಷತ್ರದ ಕಿರಣಗಳು ಬಹುದೂರದಿಂದ ಸಮಾನಾಂತರವಾಗಿ ಬರುವುದರಿಂದ, ಆ ಹೊತ್ತಿನಲ್ಲಿ ನೆಲದ ಮೇಲೆ ಹಾದುಹೋಗುವ ನೆರಳಿನ ಅಗಲ ಹೆಚ್ಚುಕಡಿಮೆ ಕ್ಷುದ್ರಗ್ರಹದಷ್ಟೇ ಇರುತ್ತದೆ. ಇಂಥ ನೆರಳು ಪೂರ್ವ ಪಶ್ಚಿಮವಾಗಿ ನಮ್ಮ ಜಿಲ್ಲೆಯನ್ನು ಹಾದರೆ, ಕಾರವಾರದಿಂದ ಭಟ್ಕಳದವರೆಗೆ ಸುಮಾರು 100 ಕಿಲೋಮೀಟರ್ ಉದ್ದಕ್ಕೆ ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ ಒಬ್ಬೊಬ್ಬರು ನಿಂತು ನಕ್ಷತ್ರ ಎಷ್ಟು ಹೊತ್ತು ಮರೆಯಾಯಿತೆಂದು ಅಳೆದರೆ ಸಾಕು, ಆ ಕಲ್ಲಿನ ಅಂಚಿನ ನಕ್ಷೆಯೇ ಸಿದ್ಧವಾಗುತ್ತದೆ. ದೂರದರ್ಶಕ ಸಾಧಾರಣದ್ದಾದರೂ ನಡೆಯುತ್ತದೆ, ಆದರೆ ಕಾಲ ಮಾತ್ರ ನಿಖರವಾಗಿರಬೇಕು; ಜಿಪಿಎಸ್ ಗಡಿಯಾರದ ಸಮಯ ಅಚ್ಚಾಗುವ ವಿಡಿಯೋ ಇದ್ದರೆ ಉತ್ತಮ. ಮಳೆಗಾಲದಲ್ಲಿ ನಮ್ಮಲ್ಲಿ ಆಕಾಶ ತೆರೆಯುವುದು ಅಪರೂಪವಾದ್ದರಿಂದ ನವೆಂಬರಿನಿಂದ ಮಾರ್ಚಿನವರೆಗಿನ ರಾತ್ರಿಗಳನ್ನು ಆರಿಸಿಕೊಳ್ಳಿ. ನಿಮ್ಮ ಊರಿನಲ್ಲಿ ನಕ್ಷತ್ರ ಮರೆಯಾಗದೆ ಉಳಿದರೂ ಅದನ್ನು ಬರೆದು ಕಳುಹಿಸಿ, ಏಕೆಂದರೆ ಆ ಕಲ್ಲಿನ ಅಂಚು ಎಲ್ಲಿಗೆ ಮುಗಿಯಿತೆಂಬುದು ಆ ‘ಇಲ್ಲ’ದಿಂದಲೇ ತಿಳಿಯುತ್ತದೆ.